49 ಕೋಟಿ ಕಿಲೋಮೀಟರ್ ದಾಟಿ ಬರುವ ಲೇಸರ್ ನಮ್ಮ ಮಳೆಗಾಲದ ಮೋಡ ದಾಟುತ್ತದಾ?

ನಿಗಡಿ ಫೈಬರ್, ಪುಣೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು, ಅದಕ್ಕೇ ಈ ವಿಷಯ ಈಗ ಎತ್ತುತ್ತಿದ್ದೇನೆ.

ನನ್ನ ಕೆಲಸ ಪಿಂಪ್ರಿ-ಚಿಂಚ್‌ವಡ್ ಕಡೆ ಫೈಬರ್ ಸ್ಪ್ಲೈಸಿಂಗ್, ಅಂದರೆ ಬೆಳಕು ಹರಿಯುವ ಗಾಜಿನ ಎಳೆಗಳನ್ನು ಜೋಡಿಸುವುದು. ಲೈನ್ ಟೆಸ್ಟ್ ಮಾಡುವಾಗ ನಾವು ಬಳಸುವುದು 1310 ಮತ್ತು 1550 ನ್ಯಾನೋಮೀಟರಿನ ಬೆಳಕು. ಕಣ್ಣಿಗೆ ಕಾಣುವುದಿಲ್ಲ, ಪವರ್ ಮೀಟರಿಗೆ ಮಾತ್ರ ಗೊತ್ತಾಗುತ್ತದೆ. ಕನೆಕ್ಟರಿನ ತುದಿಗೆ ಒಂದು ಧೂಳಿನ ಕಣ ಕೂತರೂ ರೀಡಿಂಗ್ ಬಿದ್ದುಹೋಗುತ್ತದೆ. ಒರೆಸಿ ಮತ್ತೆ ಹಾಕಬೇಕು. ನಾಸಾದ ಸೈಕಿ ನೌಕೆ ಕೋಟ್ಯಂತರ ಕಿಲೋಮೀಟರ್ ಆಚೆಯಿಂದ ಡೇಟಾ ಕಳಿಸಿದ್ದೂ ಇದೇ 1550ರ ಬೆಳಕಿನಲ್ಲಿ. ನಮ್ಮ ಕೆಲಸದವರು ಇದನ್ನು ತಿಳಿದುಕೊಳ್ಳಲೇಬೇಕು ಅನ್ನಿಸಿತು.

ಸೈಕಿ ಹಾರಿದ್ದು 2023ರ ಅಕ್ಟೋಬರ್ 13ಕ್ಕೆ. ಅದರ ಮೇಲೆ ಡಿಎಸ್‌ಓಸಿ ಅನ್ನುವ ಲೇಸರ್ ಪ್ರಯೋಗದ ಉಪಕರಣ ಇತ್ತು. 22 ಸೆಂಟಿಮೀಟರ್ ಟೆಲಿಸ್ಕೋಪ್, ಸರಾಸರಿ 4 ವಾಟ್ ಲೇಸರ್, ಅಷ್ಟೇ. ಡಿಸೆಂಬರ್ 11ರಂದು 3.1 ಕೋಟಿ ಕಿಲೋಮೀಟರ್ ದೂರದಿಂದ 15 ಸೆಕೆಂಡಿನ ಬೆಕ್ಕಿನ ವಿಡಿಯೋ ಕಳಿಸಿತು. ವೇಗ ಸೆಕೆಂಡಿಗೆ 267 ಮೆಗಾಬಿಟ್. 2024ರ ಡಿಸೆಂಬರ್ 3ಕ್ಕೆ 49.4 ಕೋಟಿ ಕಿಲೋಮೀಟರ್ ದೂರದಿಂದಲೂ ಲಿಂಕ್ ಸಿಕ್ಕಿತು. 2025ರ ಸೆಪ್ಟೆಂಬರಿನಲ್ಲಿ ಪ್ರಯೋಗ ಮುಗಿಯಿತು.

ಈಗ ನನ್ನ ಮಾತು. ಅಷ್ಟು ದೂರ ಖಾಲಿ ಜಾಗದಲ್ಲಿ ಬರುವ ಬೆಳಕಿಗೆ ತೊಂದರೆ ಇಲ್ಲ. ತೊಂದರೆ ಇರುವುದು ಕೊನೆಯ ಹತ್ತು ಹದಿನೈದು ಕಿಲೋಮೀಟರಿನಲ್ಲಿ, ನಮ್ಮ ತಲೆ ಮೇಲಿನ ಗಾಳಿ ಮತ್ತು ಮೋಡದಲ್ಲಿ. ಭಾರತ ದೂರದ ನೌಕೆಗಳಿಗೆ ಲೇಸರ್ ನಿಲ್ದಾಣ ಕಟ್ಟುವುದಾದರೆ ಮೊದಲು ಜಾಗ ನೋಡಬೇಕು. ಒಂದು ಜಾಗ ಸಾಲದು. ಒಂದು ಕಡೆ ಮೋಡ ಕವಿದಾಗ ಇನ್ನೊಂದು ಕಡೆ ಆಕಾಶ ತೆರೆದಿರಬೇಕು. ನೀವೆಲ್ಲ ಏನಂತೀರಿ?

ಡೊಂಬಿವಲಿ ಅಮ್ಮ

ಮಗಳು ಒಂಬತ್ತನೇ ಕ್ಲಾಸು. ಅವಳೂ ನಾನೂ ಒಟ್ಟಿಗೇ ಓದಿದೆವು. ಅವಳ ಪ್ರಶ್ನೆ: ಲೇಸರ್ ರೇಡಿಯೋಗಿಂತ ಬೇಗ ಬರುತ್ತದಾ? ಇಲ್ಲ, ಎರಡೂ ಒಂದೇ ವೇಗ ಅಂತ ಹೇಳಿದೆ. ಹಾಗಾದರೆ ಲಾಭ ಏನಮ್ಮಾ ಅಂದಳು. ಯಾರಾದರೂ ಸ್ವಲ್ಪ ಬಿಡಿಸಿ ಹೇಳ್ತೀರಾ?

ಮಾಟುಂಗಾ ಮೇಷ್ಟ್ರು

ನಿಮ್ಮ ಉತ್ತರ ಸರಿ ಅಮ್ಮಾ. ಮಗಳ ಮುಂದಿನ ಪ್ರಶ್ನೆ ಅದಕ್ಕಿಂತ ಚೆನ್ನಾಗಿದೆ. ಅವಳ ಹತ್ತಿರ ಕ್ಯಾಲ್ಕುಲೇಟರ್ ಇದ್ದರೆ ಜೊತೆಗೆ ಕೂತು ಮಾಡಲಿ.

ಯಾವ ಅಲೆಯೇ ಆಗಲಿ, ಹೊರಟ ಮೇಲೆ ಹರಡುತ್ತಾ ಹೋಗುತ್ತದೆ. ಎಷ್ಟು ಹರಡುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ ಇದೆ: ತರಂಗದ ಉದ್ದವನ್ನು ಕಳಿಸುವ ಡಿಶ್ ಅಥವಾ ಟೆಲಿಸ್ಕೋಪಿನ ಅಗಲದಿಂದ ಭಾಗಿಸಿ, ಬಂದದ್ದನ್ನು ದೂರದಿಂದ ಗುಣಿಸಿ. ಸೈಕಿಯ ರೇಡಿಯೋ ಡಿಶ್ 2 ಮೀಟರಿನದು, ಅದು ಬಳಸುವ ಎಕ್ಸ್ ಬ್ಯಾಂಡ್ ರೇಡಿಯೋ ತರಂಗ ಸುಮಾರು 3.6 ಸೆಂಟಿಮೀಟರ್. 49 ಕೋಟಿ ಕಿಲೋಮೀಟರ್ ದಾಟಿ ಬರುವಷ್ಟರಲ್ಲಿ ಅದು 80 ಲಕ್ಷ ಕಿಲೋಮೀಟರಿಗಿಂತ ಜಾಸ್ತಿ ಅಗಲ ಆಗಿರುತ್ತದೆ. ಭೂಮಿಯ ಅಗಲ ಹದಿಮೂರು ಸಾವಿರ ಕಿಲೋಮೀಟರ್ ಕೂಡ ಇಲ್ಲ. ಅಂದರೆ ಕಳಿಸಿದ್ದರಲ್ಲಿ ಬಹುಪಾಲು ಭೂಮಿಯ ಆಚೀಚೆ ಹೋಗಿಬಿಡುತ್ತದೆ. ಲೇಸರಿಗೆ ಅದೇ ಲೆಕ್ಕ ಹಾಕಿ. ತರಂಗ ಅಷ್ಟು ಚಿಕ್ಕದಾದ್ದರಿಂದ ಕಿರಣ ಹರಡುವುದು 3,500 ಕಿಲೋಮೀಟರ್ ಅಷ್ಟೇ. ಶಕ್ತಿ ಒಂದೇ ಕಡೆ ಬೀಳುತ್ತದೆ, ಅದಕ್ಕೇ ಹೆಚ್ಚು ಡೇಟಾ ತುಂಬಬಹುದು.

ಆದರೆ ಇದಕ್ಕೆ ಬೆಲೆ ಕೊಡಬೇಕು. ಗುರಿ ಬಹಳ ನಿಖರವಾಗಿರಬೇಕು. ಅಷ್ಟು ದೂರದಿಂದ ಬೆಳಕು ಬರಲು 27 ನಿಮಿಷ ಬೇಕು. ಭೂಮಿ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತದೆ. ಆ 27 ನಿಮಿಷದಲ್ಲಿ ಅದು ತನ್ನ ದಾರಿಯಲ್ಲಿ ಸುಮಾರು 49,000 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ನೌಕೆ ಈಗ ಕಾಣುವ ಭೂಮಿಗೆ ಲೇಸರ್ ಬಿಟ್ಟರೆ ಅದು ಖಾಲಿ ಜಾಗಕ್ಕೆ ಬೀಳುತ್ತದೆ. ಭೂಮಿ ಮುಂದೆ ಎಲ್ಲಿರುತ್ತದೋ ಅಲ್ಲಿಗೆ ಬಿಡಬೇಕು. ನೌಕೆಗೆ ದಿಕ್ಕು ತಿಳಿಯಲಿ ಅಂತ ಕ್ಯಾಲಿಫೋರ್ನಿಯಾದ ಟೇಬಲ್ ಮೌಂಟನ್‌ನಿಂದ 1064 ನ್ಯಾನೋಮೀಟರಿನ ಲೇಸರನ್ನು ಮೇಲಕ್ಕೆ ಹಾಯಿಸುತ್ತಿದ್ದರು. ಆ ಗುರುತು ಹಿಡಿದುಕೊಂಡು ನೌಕೆ ತನ್ನ ಕಿರಣವನ್ನು ಪಾಲೊಮಾರ್ ಬೆಟ್ಟದ 5 ಮೀಟರ್ ಹೇಲ್ ಟೆಲಿಸ್ಕೋಪಿಗೆ ಇಳಿಸುತ್ತಿತ್ತು.

ಮಗಳಿಗೆ ಇನ್ನೊಂದು ಲೆಕ್ಕ. 2024ರ ಏಪ್ರಿಲ್ 8ರಂದು 22.6 ಕೋಟಿ ಕಿಲೋಮೀಟರಿನಿಂದ ಗರಿಷ್ಠ 25 ಮೆಗಾಬಿಟ್ ಬಂತು. ಜೂನ್ 24ರಂದು 39 ಕೋಟಿಯಿಂದ ಗರಿಷ್ಠ 8.3. ದೂರ ಎಷ್ಟು ಪಟ್ಟು ಹೆಚ್ಚಾಯಿತು ಅಂತ ನೋಡಿ ಅದರ ವರ್ಗ ಮಾಡಲಿ. ವೇಗ ಎಷ್ಟು ಪಟ್ಟು ಕಡಿಮೆಯಾಯಿತು ಅಂತಲೂ ನೋಡಲಿ. ಎರಡು ಲೆಕ್ಕಕ್ಕೂ ಉತ್ತರ ಸುಮಾರು ಮೂರೇ ಬರುತ್ತದೆ. ಪಾಠದಲ್ಲಿ ಓದುವ ವಿಲೋಮ ವರ್ಗದ ನಿಯಮ ಇದೇ. ಮೂವತ್ತೊಂಬತ್ತು ಕೋಟಿ ಕಿಲೋಮೀಟರ್ ಆಚೆಗೂ ಅದು ಹೀಗೆ ಕರಾರುವಾಕ್ಕಾಗಿ ನಡೆಯುವುದು ನೋಡಿದರೆ ಮನಸ್ಸು ತುಂಬಿ ಬರುತ್ತದೆ.

ಡೊಂಬಿವಲಿ ಅಮ್ಮ

ಮೇಷ್ಟ್ರೇ, ತುಂಬಾ ಧನ್ಯವಾದ. ಅವಳು ಲೆಕ್ಕ ಮಾಡಿದಳು, 2.98 ಮತ್ತು 3.01 ಬಂತು. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಾಳೆ.

ಅಂಧೇರಿ ಟವರ್

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಆಫೀಸಿನ ಎರಡು ಬಿಲ್ಡಿಂಗಿನ ಮಧ್ಯೆ ಒಬ್ಬ ವೆಂಡರ್ ಲೇಸರ್ ಲಿಂಕ್ ಹಾಕಿಕೊಟ್ಟಿದ್ದ. ಟೆರೇಸಿನಿಂದ ಟೆರೇಸಿಗೆ, ನಡುವೆ ಒಂದು ಕಿಲೋಮೀಟರೂ ಇಲ್ಲ. ಚಳಿಗಾಲದಲ್ಲಿ ಹಾಕಿದ್ದು, ಚೆನ್ನಾಗಿ ಓಡಿತು. ಜುಲೈ ಬಂತು. ಜೋರು ಮಳೆ ಹೊಡೆದರೆ ಲಿಂಕ್ ಡೌನ್. ಮಳೆ ನಿಂತ ಮೇಲೂ ಕಿಟಕಿ ಗಾಜಿನ ಮೇಲೆ ಹಬೆ ಕೂತು ಸಿಗ್ನಲ್ ಅರ್ಧ. ರೇನ್‌ಕೋಟ್ ಹಾಕಿಕೊಂಡು ಟೆರೇಸಿಗೆ ಹತ್ತಿ ಒರೆಸುವುದು ನನ್ನ ಪಾಲಿಗೆ ಬಂತು. ಮಳೆಯಲ್ಲಿ ಹೀಗಾಗುತ್ತದೆ ಅಂತ ವೆಂಡರ್ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕೊನೆಗೆ ಮೈಕ್ರೋವೇವ್ ಹಾಕಿಸಿದೆವು.

ಒಂದು ಕಿಲೋಮೀಟರಿಗೇ ಈ ಪಾಡು. ಬೆಂಗಳೂರು ಹತ್ತಿರ ಬ್ಯಾಲಾಳುವಿನಲ್ಲಿರುವ ಇಸ್ರೋದ 32 ಮೀಟರ್ ರೇಡಿಯೋ ಡಿಶ್ ಚಂದ್ರಯಾನದಿಂದ ಹಿಡಿದು ಇವತ್ತಿನವರೆಗೂ ಮಳೆ ಬಿಸಿಲು ಅನ್ನದೆ ಕೆಲಸ ಮಾಡುತ್ತಿದೆ. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹೋದ ನಿಸಾರ್ ಉಪಗ್ರಹ ಕೂಡ ತನ್ನ ರಾಶಿ ರಾಶಿ ಡೇಟಾ ಇಳಿಸುವುದು ರೇಡಿಯೋದಲ್ಲೇ. ಇದ್ದುದನ್ನೇ ಬೆಳೆಸಿದರೆ ಸಾಲದಾ?

ನಿಗಡಿ ಫೈಬರ್, ಪುಣೆ

ಅಂಧೇರಿ ಅಣ್ಣಾ, ಬೇಜಾರು ಯಾಕೆ, ನೀವು ಹೇಳಿದ್ದು ನಾನು ಹೇಳುವುದಕ್ಕೆ ಬಲ ಕೊಟ್ಟಿತು. ಕಾರಣ ಗಾತ್ರದಲ್ಲಿದೆ. ಮೋಡದ ಹನಿ, ಮಂಜಿನ ಹನಿ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಲೆಕ್ಕದವು, ಹತ್ತರ ಆಸುಪಾಸು. ನಮ್ಮ ಬೆಳಕು 1.55 ಮೈಕ್ರಾನ್. ಹನಿ ಬೆಳಕಿನ ಅಲೆಗಿಂತ ದೊಡ್ಡದು, ಹಾಗಾಗಿ ತಗುಲಿದ ಬೆಳಕೆಲ್ಲ ದಿಕ್ಕಾಪಾಲು. 3.6 ಸೆಂಟಿಮೀಟರಿನ ರೇಡಿಯೋ ಅಲೆಗೆ ಅಂಥ ಹನಿ ಲೆಕ್ಕಕ್ಕೇ ಇಲ್ಲ. ಕಾ ಬ್ಯಾಂಡ್ ಅನ್ನುವ ಇನ್ನೊಂದು ರೇಡಿಯೋ ಅಲೆ ಒಂದು ಸೆಂಟಿಮೀಟರಿನಷ್ಟು, ಮಳೆಹನಿ ಕೆಲವು ಮಿಲಿಮೀಟರ್. ಆದ್ದರಿಂದ ದೊಡ್ಡ ಮಳೆಯಲ್ಲಿ ಅದೂ ಸ್ವಲ್ಪ ಒದ್ದಾಡುತ್ತದೆ.

ಆದರೆ ರೇಡಿಯೋ ಬೆಳೆಸುತ್ತಾ ಹೋದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೂರದ ಗ್ರಹಗಳಿಗೆ ಹೋದ ನೌಕೆಗಳು ತೆಗೆಯುವ ಚಿತ್ರ ಒಂದು ಗುಡ್ಡ, ಕಳಿಸಲು ಆಗುವುದು ಒಂದು ಹಿಡಿ. ಕ್ಯಾಮೆರಾ ಒಳ್ಳೆಯದಾದಷ್ಟೂ ಈ ಅಂತರ ಜಾಸ್ತಿಯೇ ಆಗುತ್ತದೆ. ಕಷ್ಟಪಟ್ಟು ಅಲ್ಲಿಯವರೆಗೆ ಹೋಗಿ, ನೋಡಿದ್ದನ್ನು ಪೂರ್ತಿ ಮನೆಗೆ ಕಳಿಸಲು ಆಗದಿದ್ದರೆ ನನಗೆ ಸಂಕಟ ಆಗುತ್ತದೆ.

ಮಾಟುಂಗಾ ಮೇಷ್ಟ್ರು

ನಡುವೆ ಒಂದು ಮಾತು. ಯುರೋಪಿನವರು ಮೋಡದ ತಕರಾರನ್ನು ಜಾಣತನದಿಂದ ತಪ್ಪಿಸಿಕೊಂಡಿದ್ದಾರೆ. ಕೆಳಕಕ್ಷೆಯ ಸೆಂಟಿನೆಲ್ ಉಪಗ್ರಹಗಳು ತಮ್ಮ ಚಿತ್ರಗಳನ್ನು 36,000 ಕಿಲೋಮೀಟರ್ ಎತ್ತರದ ಇನ್ನೊಂದು ಉಪಗ್ರಹಕ್ಕೆ ಲೇಸರಿನಲ್ಲಿ ಕಳಿಸುತ್ತವೆ. ವೇಗ 1.8 ಗಿಗಾಬಿಟ್. ಅಲ್ಲಿಂದ ಕೆಳಕ್ಕೆ ರೇಡಿಯೋ. ಇಡಿಆರ್‌ಎಸ್ ಅಂತ ಅದರ ಹೆಸರು, ಮೊದಲ ಉಪಕರಣ 2016ರ ಜನವರಿಯಲ್ಲಿ ಹೋಯಿತು. ಲೇಸರ್ ಓಡಾಡುವುದು ಪೂರ್ತಿ ಮೋಡದ ಮೇಲೆಯೇ. ಸ್ಟಾರ್‌ಲಿಂಕ್ ಉಪಗ್ರಹಗಳು ತಮ್ಮತಮ್ಮಲ್ಲಿ ಮಾತಾಡುವುದೂ ಲೇಸರಿನಲ್ಲೇ.

ಅಂಧೇರಿ ಟವರ್

ಇದು ಒಪ್ಪುವ ಮಾತು ಮೇಷ್ಟ್ರೇ. ಹಾಗಾದರೆ ಮಂಗಳದಿಂದ ಬರುವ ಲೇಸರನ್ನೂ ಮೇಲೆಯೇ ಹಿಡಿದು, ಕೆಳಗೆ ರೇಡಿಯೋದಲ್ಲಿ ಇಳಿಸಬಹುದಲ್ವಾ? ಜಾಗ ಹುಡುಕುವ ತಾಪತ್ರಯವೇ ಬೇಡ.

ಮಾಟುಂಗಾ ಮೇಷ್ಟ್ರು

ಹತ್ತಿರದ ಉಪಗ್ರಹಕ್ಕೆ ಅಂಗೈಯಗಲದ ಟೆಲಿಸ್ಕೋಪ್ ಸಾಕು. ದೂರದ್ದಕ್ಕೆ ಸಾಲದು. 4 ವಾಟ್ ಹೊರಟು 49 ಕೋಟಿ ಕಿಲೋಮೀಟರ್ ದಾಟಿದ ಮೇಲೆ, ದಾರಿಯಲ್ಲಿ ಇನ್ಯಾವ ನಷ್ಟವೂ ಇಲ್ಲ ಅಂದುಕೊಂಡರೂ, 5 ಮೀಟರ್ ಕನ್ನಡಿಗೆ ಬೀಳುವುದು ಒಂದು ವಾಟಿನ ಲಕ್ಷ ಕೋಟಿ ಭಾಗದಲ್ಲಿ ಎಂಟೊಂಬತ್ತು ಭಾಗ. ಫೋಟಾನ್, ಅಂದರೆ ಬೆಳಕಿನ ಕಣದ ಲೆಕ್ಕದಲ್ಲಿ ಸೆಕೆಂಡಿಗೆ ಆರೇಳು ಕೋಟಿ. ಕನ್ನಡಿ ಚಿಕ್ಕದಾದರೆ ಅದೂ ಇಲ್ಲ. ಅಷ್ಟು ದೊಡ್ಡ ಕನ್ನಡಿಯನ್ನು ಬರೀ ಸಂಪರ್ಕಕ್ಕೆ ಅಂತ ಕಕ್ಷೆಗೆ ಏರಿಸುವುದು ಇವತ್ತಿಗೆ ಕೈಗೆಟುಕುವ ಮಾತಲ್ಲ. ನೆಲದ ಮೇಲೆ ಆದರೆ ಕಟ್ಟಬಹುದು. ಹಾಗಾಗಿ ದೂರದ ನೌಕೆಯ ಮಟ್ಟಿಗೆ ನಿಗಡಿಯವರ ಜಾಗದ ಪ್ರಶ್ನೆ ಹಾಗೇ ಉಳಿಯುತ್ತದೆ.

ಠಾಣೆ ಎಂಎಸ್ಸಿ

ಸರ್, ಆರೇಳು ಕೋಟಿ ಫೋಟಾನಿನಲ್ಲಿ ಮೆಗಾಬಿಟ್‌ಗಟ್ಟಲೆ ಡೇಟಾ ಹೇಗೆ ಬರುತ್ತದೆ? ಒಂದು ಬಿಟ್ಟಿಗೆ ಕೆಲವೇ ಫೋಟಾನ್ ಸಿಕ್ಕಂತಾಯಿತು. ನಾನು ಫಿಸಿಕ್ಸ್ ಎರಡನೇ ವರ್ಷ. ಪ್ರಾಜೆಕ್ಟಿಗೆ ಇದೇ ವಿಷಯ ತಗೋಬೇಕು ಅಂತ ಆಸೆ.

ನಿಗಡಿ ಫೈಬರ್, ಪುಣೆ

ಇದು ನನಗೆ ಇಷ್ಟದ ಭಾಗ, ನಾನೇ ಹೇಳ್ತೀನಿ.

ನಮ್ಮ ಮಾಮೂಲಿ ಫೈಬರ್ ಲೈನಿನಲ್ಲಿ ಬೆಳಕು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಲ್ಲಿ ಬೆಳಕಿಗೆ ಬರ ಇಲ್ಲ. ಸೈಕಿಯಲ್ಲಿ ಬರ ಇದೆ, ಅದಕ್ಕೆ ಬೇರೆ ಉಪಾಯ. ಸಮಯವನ್ನು ಸಣ್ಣ ಸಣ್ಣ ಖಾನೆಗಳಾಗಿ ಮಾಡಿ, ಅಷ್ಟೂ ಖಾನೆಗಳಲ್ಲಿ ಒಂದೇ ಒಂದರಲ್ಲಿ ಮಿಂಚು ಬಿಡುತ್ತಾರೆ. 128 ಖೋಲಿಗಳ ಚಾಳು ಅಂದುಕೊಳ್ಳಿ. ಇಡೀ ಚಾಳಿನಲ್ಲಿ ಒಂದೇ ಖೋಲಿಯ ದೀಪ ಹತ್ತಿದೆ. ಎಷ್ಟನೇ ಖೋಲಿ ಅಂತ ಗೊತ್ತಾದರೆ ನಿಮಗೆ 1ರಿಂದ 128ರೊಳಗೆ ಒಂದು ನಂಬರ್ ಸಿಕ್ಕಿತು. ಅಂದರೆ ಒಂದೇ ಮಿಂಚಿಗೆ 7 ಬಿಟ್. ಬೆಳಕು ಉಳಿಯಿತು, ಡೇಟಾನೂ ಬಂತು. ಆದರೆ ಮಿಂಚು ಬಂದ ಗಳಿಗೆಯನ್ನು ಕೆಳಗೆ ಕರಾರುವಾಕ್ಕಾಗಿ ಹಿಡಿಯಬೇಕು. ಪಾಲೊಮಾರ್‌ನಲ್ಲಿ ಅದಕ್ಕೆ ಸೂಪರ್‌ಕಂಡಕ್ಟಿಂಗ್ ನ್ಯಾನೋವೈರ್ ಡಿಟೆಕ್ಟರ್ ಇಟ್ಟಿದ್ದರು, ಅಂದರೆ ಕರೆಂಟಿಗೆ ತಡೆಯೇ ಇಲ್ಲದ ಅತಿ ಸಣ್ಣ ತಂತಿಯದು. ಮೈನಸ್ 272 ಡಿಗ್ರಿಯಷ್ಟು ತಣ್ಣಗೆ ಇಡಬೇಕು. ಒಂದು ಫೋಟಾನ್ ಬಿದ್ದರೆ ಆ ಜಾಗದಲ್ಲಿ ತಂತಿ ಒಂದು ಕ್ಷಣ ಸೂಪರ್‌ಕಂಡಕ್ಟರ್ ಗುಣ ಕಳೆದುಕೊಳ್ಳುತ್ತದೆ, ಸಿಗ್ನಲ್ ಬರುತ್ತದೆ. ಒಂದೊಂದೇ ಫೋಟಾನ್ ಎಣಿಸಬಹುದು.

ವಾಸ್ಕೋ ಕಡಲು, ಗೋವಾ

ಸಂಪರ್ಕದ ಮಾತು ಜೋರಾಗಿ ನಡೆದಿದೆ. ಚಿತ್ರದ ಕಡೆಯದನ್ನೂ ಸ್ವಲ್ಪ ಸೇರಿಸುತ್ತೇನೆ. ನಾನು ಬಂದರಿನ ಕಡೆ ಆಳ ಅಳೆಯುವ ದೋಣಿಯಲ್ಲಿ ಕೆಲಸ ಮಾಡುವವನು. ನಾವು ಸದ್ದು ಕಳಿಸಿ ಪ್ರತಿಧ್ವನಿ ಕೇಳುತ್ತೇವೆ. ಮೇಲಿನವರು ಬೆಳಕು ಕಳಿಸಿ ಅದೇ ಕೆಲಸ ಮಾಡುತ್ತಾರೆ.

2018ರಲ್ಲಿ ಹೋದ ಐಸ್‌ಸ್ಯಾಟ್-2 ಉಪಗ್ರಹ ಸೆಕೆಂಡಿಗೆ 10,000 ಸಲ ಹಸಿರು ಲೇಸರ್ ಮಿಂಚು ಕೆಳಕ್ಕೆ ಬಿಡುತ್ತದೆ. ಮಂಜುಗಡ್ಡೆಯ ಎತ್ತರ ಅಳೆಯಲು ಕಟ್ಟಿದ್ದು. ಆದರೆ ಹಸಿರು ಬೆಳಕು ತಿಳಿ ನೀರಿನೊಳಕ್ಕೂ ಇಳಿಯುತ್ತದೆ. ಸ್ವಲ್ಪ ಬೆಳಕು ನೀರಿನ ಮೇಲ್ಮೈಯಿಂದ, ಸ್ವಲ್ಪ ತಳದಿಂದ ವಾಪಸ್ ಬರುತ್ತದೆ. ಎರಡರ ನಡುವಿನ ಸಮಯ ಸಿಕ್ಕರೆ ಆಳ ಸಿಕ್ಕಿತು. ಬೆಳಕು ನೀರಿನಲ್ಲಿ ನಿಧಾನ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಸ್ರೋ ವಿಜ್ಞಾನಿಗಳು ಇದೇ ಉಪಗ್ರಹದ 2018ರಿಂದ 2023ರವರೆಗಿನ ಡೇಟಾ ಹಿಡಿದು ರಾಮಸೇತುವಿನ ಮುಳುಗಿದ ಭಾಗದ ನಕ್ಷೆ ಮಾಡಿದರು, 2024ರಲ್ಲಿ ಪ್ರಕಟಿಸಿದರು. ಧನುಷ್ಕೋಟಿಯಿಂದ ತಲೈಮನ್ನಾರ್‌ವರೆಗೆ 29 ಕಿಲೋಮೀಟರ್. ಅದರ ಶೇಕಡಾ 99.98 ಭಾಗ ಆಳವಿಲ್ಲದ ನೀರಿನಲ್ಲಿ ಮುಳುಗಿದೆ. ಅಂಥ ಆಳವಿಲ್ಲದ ಕಡೆ ದೊಡ್ಡ ಸರ್ವೆ ಹಡಗು ಹೋಗುವುದೇ ಕಷ್ಟ, ತಳ ತಾಗುತ್ತದೆ. ಇದರ ಬೆಲೆ ನಮ್ಮಂಥವರಿಗೆ ಗೊತ್ತು.

ನಮ್ಮ ಜುವಾರಿ, ಮಾಂಡವಿಯಲ್ಲಿ ಮಾತ್ರ ಮಳೆಗಾಲದಲ್ಲಿ ಇದು ನಡೆಯುವುದಿಲ್ಲ. ಕೆಂಪು ಮಣ್ಣಿನ ನೀರು ಇಳಿದು ಬಂದಾಗ ಬೆಳಕು ಒಳಕ್ಕೇ ಹೋಗುವುದಿಲ್ಲ. ಆಗ ಸದ್ದೇ ಗತಿ.

ಠಾಣೆ ಎಂಎಸ್ಸಿ

ಚಂದ್ರನ ಮೇಲೆ ಮೋಡಾನೂ ಇಲ್ಲ, ಕೆಸರೂ ಇಲ್ಲ. ಅಲ್ಲಿ ಲೇಸರಿಗೆ ಹಬ್ಬ ಅಲ್ವಾ ಸರ್?

ಮಾಟುಂಗಾ ಮೇಷ್ಟ್ರು

ಹೌದಪ್ಪ. ಚಂದ್ರನ ಧ್ರುವಗಳ ಕೆಲವು ಕುಳಿಗಳಿಗೆ ಬಿಸಿಲು ಬೀಳುವುದೇ ಇಲ್ಲ, ಮಾಮೂಲಿ ಕ್ಯಾಮೆರಾ ಅಲ್ಲಿ ಕುರುಡು. ಲೇಸರ್ ತನ್ನ ಬೆಳಕನ್ನು ತಾನೇ ತರುತ್ತದೆ, ಅದಕ್ಕೆ ಹಗಲು ರಾತ್ರಿ ಒಂದೇ. ನಮ್ಮ ಚಂದ್ರಯಾನ-1ರಲ್ಲೂ 2008ರಲ್ಲೇ ಎತ್ತರ ಅಳೆಯುವ ಲೇಸರ್ ಇತ್ತು, ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದ ಕೆಲಸ. ಇದನ್ನು ನೆನೆಯುವವರು ಕಡಿಮೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಗಂಧಕ ಕಂಡುಹಿಡಿದಿದ್ದೂ ಲೇಸರಿನಿಂದಲೇ. ಮಣ್ಣಿಗೆ ಲೇಸರ್ ಹೊಡೆದು, ಎದ್ದ ಕಿಡಿಯ ಬಣ್ಣ ಓದಿ ಯಾವ ಧಾತು ಅಂತ ಹೇಳುವುದು. ಆ ಉಪಕರಣವೂ ಲಿಯೋಸ್‌ದೇ.

ವಿಕ್ರಮ್ ಲ್ಯಾಂಡರಿನ ಮೇಲೆ ನಾಸಾ ಕೊಟ್ಟ ಪುಟ್ಟ ಪ್ರತಿಫಲಕ ಇದೆ. ಐದು ಸೆಂಟಿಮೀಟರ್ ಅಗಲ, ಎಂಟು ಪ್ರಿಸಂ. ಯಾವ ಕಡೆಯಿಂದ ಬೆಳಕು ಬಂದರೂ ಬಂದ ಕಡೆಗೇ ತಿರುಗಿಸುತ್ತದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಓ ನೌಕೆ 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಿತು, ವಿಕ್ರಮ್ ಉತ್ತರ ಕೊಟ್ಟಿತು. ಲ್ಯಾಂಡರ್ ಮಲಗಿ ಮೂರು ತಿಂಗಳಾಗಿತ್ತು. ಕರೆಂಟು ಬೇಡ, ಬ್ಯಾಟರಿ ಬೇಡ.

ಅದೇ ಎಲ್‌ಆರ್‌ಓದ ಲೇಸರ್ ಉಪಕರಣಕ್ಕೆ 2013ರಲ್ಲಿ ಭೂಮಿಯಿಂದ ಮೋನಾಲಿಸಾ ಚಿತ್ರ ಕಳಿಸಿದ್ದರು. 152ಕ್ಕೆ 200 ಚುಕ್ಕೆ, ಸೆಕೆಂಡಿಗೆ 300 ಬಿಟ್ ಅಷ್ಟೇ. ಚುಕ್ಕೆಯ ಕಪ್ಪು ಬಿಳುಪು ಎಷ್ಟು ಅನ್ನುವುದನ್ನು 4096 ಖಾನೆಗಳಲ್ಲಿ ಎಲ್ಲಿ ಮಿಂಚು ಬಂತು ಅನ್ನುವುದರಿಂದ ತಿಳಿಯುವುದು. ನಿಗಡಿಯವರು ಹೇಳಿದ ಉಪಾಯವೇ ಅಲ್ಲೂ. ನಮ್ಮ ಗಾಳಿಯ ಕದಲಾಟದಿಂದ ಚಿತ್ರದಲ್ಲಿ ಅಲ್ಲಲ್ಲಿ ತೂತು ಬಿದ್ದಿತ್ತು. ಸಿಡಿ, ಡಿವಿಡಿಯಲ್ಲಿ ತಪ್ಪು ತಿದ್ದಲು ಬಳಸುವ ರೀಡ್-ಸಾಲೊಮನ್ ಕೋಡಿನಿಂದ ತುಂಬಿದರು.

ನಾರಾಯಣಗಾಂವ್ ಹೋಟೆಲು

ಮೇಷ್ಟ್ರಿಗೆ, ನಿಗಡಿಯವರಿಗೆ ನಮಸ್ಕಾರ. ನಮ್ಮದು ಪುಣೆ-ನಾಸಿಕ್ ರಸ್ತೆಯಲ್ಲಿ ಹೋಟೆಲು, ಊರು ಕುಂದಾಪುರದ ಕಡೆ. ಹತ್ತಿರವೇ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್, 45 ಮೀಟರಿನ 30 ಡಿಶ್‌ಗಳು. 2016ರ ಅಕ್ಟೋಬರಿನಲ್ಲಿ ಯುರೋಪಿನ ಸ್ಕಿಯಾಪರೆಲ್ಲಿ ಲ್ಯಾಂಡರ್ ಮಂಗಳಕ್ಕೆ ಇಳಿಯುವಾಗ ಅದರ ಸಿಗ್ನಲನ್ನು ನೇರವಾಗಿ ಕೇಳಿದ್ದು ಇಲ್ಲಿಂದ. ಲ್ಯಾಂಡರ್ ಉಳಿಯಲಿಲ್ಲ. ಆದರೆ ಎಲ್ಲಿಯವರೆಗೆ ಮಾತಾಡಿತು ಅನ್ನುವುದು ತಿಳಿದದ್ದರಲ್ಲಿ ನಮ್ಮ ಖೋಡದ್‌ನ ಪಾಲಿದೆ. ಉರುಳುತ್ತಾ ಬೀಳುವ ಲ್ಯಾಂಡರ್ ಲೇಸರ್ ಗುರಿ ಹಿಡಿಯಲು ಆಗುತ್ತದಾ? ರೇಡಿಯೋ ಬಿಡಬೇಡಿ.

ಗಿರವಲಿಯ ದೊಡ್ಡ ಟೆಲಿಸ್ಕೋಪೂ ನಮ್ಮ ಈ ಕಡೆಗೇ. ಮಳೆಗಾಲದಲ್ಲಿ ಆ ಗುಡ್ಡಗಳ ಮೇಲೆ ಮೋಡ ಕೂತರೆ ಏಳುವುದೇ ಇಲ್ಲ. ದೀಪಾವಳಿ ಆದ ಮೇಲೆ ಬನ್ನಿ, ರಾತ್ರಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ.

ನಿಗಡಿ ಫೈಬರ್, ಪುಣೆ

ನಾರಾಯಣಗಾಂವ್ ಮಾಮ, ರೇಡಿಯೋ ಬಿಡುವ ಮಾತೇ ಇಲ್ಲ. ಸೈಕಿ ಕೂಡ ದಿನದ ಕೆಲಸಕ್ಕೆ ರೇಡಿಯೋವನ್ನೇ ನೆಚ್ಚಿಕೊಂಡಿದೆ. ನೌಕೆಗೆ ಕೊಡುವ ಆಜ್ಞೆ, ನೌಕೆಯ ಆರೋಗ್ಯದ ವರದಿ, ತುರ್ತು ಮಾತು ಎಲ್ಲ ರೇಡಿಯೋ. ಗುಡ್ಡದಷ್ಟು ಚಿತ್ರ ಇಳಿಸುವುದಕ್ಕೆ ಲೇಸರ್. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ 34 ಮೀಟರ್ ರೇಡಿಯೋ ಡಿಶ್ ಒಳಗೇ ಏಳು ಕನ್ನಡಿ ಕೂರಿಸಿ ಸೈಕಿಯ ಲೇಸರನ್ನೂ ರೇಡಿಯೋವನ್ನೂ ಒಟ್ಟಿಗೆ ಹಿಡಿದಿದ್ದಾರೆ.

ದೀಪಾವಳಿ ನಂತರದ ಆಕಾಶದ ಮಾತು ಹೇಳಿದಿರಲ್ಲ, ನನಗೆ ಬೇಕಾದದ್ದು ಅದೇ. ನಮ್ಮ ದೇಶದ ಅದೃಷ್ಟ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿ, ಮೌಂಟ್ ಅಬು ಎಲ್ಲ ಮೋಡದೊಳಗೆ. ಆಗ ಲಡಾಖಿನ ಹಾನ್ಲೆ ಹಿಮಾಲಯದ ಮಳೆ ನೆರಳಿನಲ್ಲಿ, 4,500 ಮೀಟರ್ ಎತ್ತರದಲ್ಲಿ, ಇವಕ್ಕಿಂತ ಎಷ್ಟೋ ಶುಭ್ರ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡ ಲಡಾಖಿಗೆ ಹಿಮ ತರುತ್ತದೆ. ಆಗ ದಖ್ಖನ್ ಆಕಾಶ ತೆರೆದಿರುತ್ತದೆ. ಒಬ್ಬರಿಗೆ ಆಗದಿದ್ದಾಗ ಇನ್ನೊಬ್ಬರು. ಹಾನ್ಲೆಯ 2 ಮೀಟರ್ ಟೆಲಿಸ್ಕೋಪನ್ನು ಈಗಲೇ ಬೆಂಗಳೂರು ಹತ್ತಿರದ ಹೊಸಕೋಟೆಯಿಂದ ನಡೆಸುತ್ತಾರೆ. ದೂರದಿಂದ ನಿಲ್ದಾಣ ನಡೆಸುವುದು ನಮಗೆ ಹೊಸದಲ್ಲ. ಕನ್ನಡಿ ಕೊಳ್ಳುವ ಮೊದಲು ಈ ಆಕಾಶಗಳ ಹೊಂದಾಣಿಕೆಯನ್ನು ಕೂತು ಲೆಕ್ಕ ಹಾಕಬೇಕು ಅನ್ನುವುದು ನನ್ನ ಆಗ್ರಹ.

ಅಂಧೇರಿ ಟವರ್

ಎರಡೂ ಕಡೆ ಒಂದೇ ದಿನ ಮೋಡ ಬಂದರೆ? ಎಷ್ಟು ಸಲ ಹಾಗಾಗುತ್ತದೆ ಅಂತ ಗೊತ್ತಾದರೆ ನಾನೂ ನಿಮ್ಮ ಪಕ್ಷ.

ಠಾಣೆ ಎಂಎಸ್ಸಿ

ನಾನು ಇದನ್ನೇ ಪ್ರಾಜೆಕ್ಟ್ ಮಾಡಬಹುದಾ? ಡೇಟಾ ಎಲ್ಲಿ ಸಿಗುತ್ತದೆ?

ನಿಗಡಿ ಫೈಬರ್, ಪುಣೆ

ಖಂಡಿತ ಮಾಡು ತಮ್ಮ. ಇಸ್ರೋದ ಮೊಸ್ಡಾಕ್ ತಾಣದಲ್ಲಿ ಇನ್ಸಾಟ್-3ಡಿ ಮತ್ತು 3ಡಿಆರ್ ಹವಾಮಾನ ಉಪಗ್ರಹಗಳ ಚಿತ್ರಗಳು ಸಿಗುತ್ತವೆ, ಹೆಸರು ನೋಂದಾಯಿಸಿಕೊಳ್ಳಬೇಕು. ಒಂದೊಂದರದೂ ಅರ್ಧ ಗಂಟೆಗೊಂದು ಚಿತ್ರ ಇರುತ್ತದೆ. ಹಾನ್ಲೆ, ಅಬು, ಗಿರವಲಿ ಮೂರು ಜಾಗ ಹಿಡಿದುಕೋ. ಒಂದೊಂದು ಜಾಗದಲ್ಲಿ ಎಷ್ಟು ದಿನ ಶುಭ್ರ ಅಂತ ಎಣಿಸಿದರೆ ಸಾಲದು. ಒಂದೇ ಹೊತ್ತಿನಲ್ಲಿ ಮೂರೂ ಮುಚ್ಚಿದ್ದು ಎಷ್ಟು ಸಲ, ಅದನ್ನು ತಿಂಗಳುವಾರು ತೆಗೆ. ಅಂಧೇರಿ ಅಣ್ಣನಿಗೆ ಬೇಕಾದ ಉತ್ತರ ಅದೇ.

ಮಾಟುಂಗಾ ಮೇಷ್ಟ್ರು

ಒಂದು ಎಚ್ಚರಿಕೆ ಮಗು. ಎತ್ತರದ ತೆಳು ಸಿರಸ್ ಮೋಡ ಉಪಗ್ರಹದ ಚಿತ್ರದಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ, ಕೆಳಗಿನ ನೆಲ ಹಿಮದ್ದಾದರೆ ಇನ್ನೂ ಕಷ್ಟ. ಹಾನ್ಲೆಯಲ್ಲಿ ಚಳಿಗಾಲದ ಹಿಮವನ್ನೇ ಮೋಡ ಅಂತ ಎಣಿಸಿಬಿಡುವ ಅಪಾಯವೂ ಇದೆ. ಬರೀ ಕಣ್ಣಿಗೆ ಕಾಣುವ ಬೆಳಕಿನ ಚಿತ್ರ ನೆಚ್ಚಬೇಡ. ಇನ್‌ಫ್ರಾರೆಡ್ ಚಾನೆಲಿನ ಉಷ್ಣತೆಯನ್ನೂ 1.6 ಮೈಕ್ರಾನಿನ ಚಾನೆಲನ್ನೂ ಪಕ್ಕದಲ್ಲಿಟ್ಟು ನೋಡು. ಆ ಎರಡನೆಯದರಲ್ಲಿ ಹಿಮ ಕಪ್ಪಗೆ ಕಾಣುತ್ತದೆ, ನೀರಿನ ಹನಿಯ ಮೋಡ ಬೆಳ್ಳಗೆ. ಮೊದಲ ತಿಂಗಳ ಪಟ್ಟಿ ಆದ ಕೂಡಲೇ ಇಲ್ಲೇ ಹಾಕು, ಎಲ್ಲರೂ ಸೇರಿ ನೋಡೋಣ.